ಲಾಯದ ಕೋಣೆಯ ಒಂಟಿಗ

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ಕಿರುಕಾದಂಬರಿಯಲ್ಲಿ ಕ್ಯಾಲಿಫೋರ್ನಿಯದ ಅಲೆಮಾರಿ ಕೃಷಿಕೂಲಿಗಳ ಬಾಳು ಚಿತ್ರಿತವಾಗಿದೆ. ಕಥೆ ನಡೆಯುವುದು ಸೊಲೆಡಾಡ್ ಊರಿನ ಬಳಿ. ಸ್ಪ್ಯಾನಿಷ್ ನುಡಿಯಲ್ಲಿ ಆ ಹೆಸರಿಗೆ ಏಕಾಂತವೆಂದೇ ಅರ್ಥ. ಏಕಾಂತವನ್ನು ಅನುಭಾವಿಯು ಬಯಸಿ ಪಡೆಯುತ್ತಾನೆ. ಲಾಯದ ಆಳು ಕ್ರುಕ್ಸ್‌ನಿಗಾದರೋ ಅದು ಪರರು ವಿಧಿಸಿದ ಶಿಕ್ಷೆ. ಕಪ್ಪುಜನಾಂಗದವನೆಂಬ ಕಾರಣಕ್ಕೆ ಕೂಲಿಗಳ ವಸತಿಯೊಳಗೆ ಅವನಿಗೆ ಎಡೆಯಿಲ್ಲ. ಕುದುರೆಯ ಜೀನು ಲಗಾಮುಗಳ ನಡುವೆ ಪುಸ್ತಕಗಳೇ ಅವನ ಸಂಗಾತಿಗಳು. ಅವುಗಳಲ್ಲೊಂದು ಕ್ಯಾಲಿಫೋರ್ನಿಯದ 1905ರ ನಾಗರಿಕ ಸಂಹಿತೆ! ಜೊತೆಗಾರರ ಸ್ವಂತ ಹೊಲದ ಕನಸಿನಲ್ಲಿ ತಾನೂ ದುಡಿಯಲು ಬಯಸಿದ ಅವನು, ಕರ್ಲಿಯ ಪತ್ನಿಯು ಮರಕ್ಕೆ ನೇಣು ಹಾಕಿಸುವೆನೆಂದು ಬೆದರಿಸಿದೊಡನೆ ಕುಗ್ಗಿಹೋಗಿ, ಆ ಬಯಕೆಯನ್ನೇ ಹಿಂತೆಗೆದುಕೊಳ್ಳುತ್ತಾನೆ. ಸಂಹಿತೆಯು ಇದ್ದಲ್ಲಿಯೇ ಇರುತ್ತದೆ. ಬೆದರಿಸಿದವಳೂ ಒಂಟಿಯೇ, ಆದರೆ ಆಕೆಗೆ ಲೇಖಕನು ಒಂದು ಹೆಸರನ್ನೂ ಕೊಟ್ಟಿಲ್ಲ. ಕೃತಿಯ ಕರುಣೆ ಇಲ್ಲಿ ತುಸು ಜಿಪುಣವಾಯಿತೆನ್ನಬೇಕು.