ಹೇಳಿದ್ದು ಕೇಳುವ ಇಂಗ್ಲಿಷ್

ಕೌಶಲ್ಯ ತರಬೇತಿಯ ಇಂಗ್ಲಿಷ್ ಕೈಪಿಡಿಗಳನ್ನು ಯಾರೂ ಸಾಹಿತ್ಯದಂತೆ ಓದುವುದಿಲ್ಲ. ತರಬೇತಿ ಕೊಡುವವರು ಹಂಚುತ್ತಾರೆ, ಕಲಿಯುವವರು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಅವುಗಳಲ್ಲೂ ಪಾತ್ರಗಳಿವೆ, ಸಂಭಾಷಣೆಯಿದೆ, ಯಾರು ಯಾರನ್ನು ಏನು ಕೇಳಬಹುದು ಎಂಬ ಕಟ್ಟುಪಾಡಿದೆ. ನಾಟಕವೊಂದನ್ನು ಓದುವ ಎಚ್ಚರದಲ್ಲಿ ಓದಿದರೆ ಅವು ಬೇರೆಯದನ್ನೇ ಹೇಳುತ್ತವೆ.

ಬೆಂಗಳೂರು ಗ್ರಾಮಾಂತರದಲ್ಲಿ ಇವಕ್ಕೆ ಬೇಡಿಕೆ ಇರುವುದು ಸಹಜ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ, ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಅಪೆರಲ್ ಪಾರ್ಕು, ಹೊಸಕೋಟೆ ನೆಲಮಂಗಲಗಳ ಹೆದ್ದಾರಿ ಬದಿಯಲ್ಲಿ ಗೋದಾಮುಗಳು. ಸಂಶೋಧನೆಗಾಗಿ ನಾನು ನೋಡಿದ ಕೈಪಿಡಿಗಳಲ್ಲಿ ಗ್ರಾಹಕರನ್ನು ಸ್ವಾಗತಿಸುವ ವಾಕ್ಯಗಳಿವೆ, ದಯವಿಟ್ಟು ಕಾಯಿರಿ ಎನ್ನುವುದಿದೆ, ಕ್ಷಮೆ ಕೋರುವುದಂತೂ ಬಗೆಬಗೆಯಾಗಿದೆ. ಕಲಿಯುವವಳ ಬಾಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ನಾನು ನಿಮಗೆ ಏನು ಸಹಾಯ ಮಾಡಲಿ? ಓಟಿ ಲೆಕ್ಕ ಹೇಗೆ, ಈ ಕಾಗದದಲ್ಲಿ ಏನಿದೆ, ನೀವು ಹೇಳಿದ್ದು ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎನ್ನುವುದಕ್ಕೆ ವಾಕ್ಯವೇ ಇಲ್ಲ. ಕನ್ನಡದ 'ಕೇಳು' ಎಂಬ ಮಾತಿಗೆ ಆಲಿಸು, ಪ್ರಶ್ನಿಸು, ಹೇಳಿದಂತೆ ನಡೆದುಕೋ ಎಂಬ ಮೂರೂ ಅರ್ಥಗಳುಂಟು. ಕೈಪಿಡಿಗಳು ನಡುವಿನದನ್ನು ಬಿಟ್ಟಿವೆ. (ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವ ಪುಸ್ತಕಗಳನ್ನು ನೋಡಿ: ಎಷ್ಟು, ಎಲ್ಲಿ, ಯಾವಾಗ ಎಂದು ಕೇಳುವುದೇ ಅಲ್ಲಿ ಮೊದಲ ಪಾಠಗಳು.)

ಉದ್ಯೋಗಕ್ಕೋ ಉನ್ನತ ಓದಿಗೋ ಬೇಕಾದ ಇಂಗ್ಲಿಷನ್ನು ಹೆಕ್ಕಿ ಕಲಿಸುವ ಈ ಶಾಖೆಯನ್ನು ಇ.ಎಸ್.ಪಿ. ಎನ್ನುತ್ತಾರೆ, 'ನಿರ್ದಿಷ್ಟ ಉದ್ದೇಶಗಳ ಇಂಗ್ಲಿಷ್'. ಕಲಿಯುವವರಿಗೆ ಏನು ಬೇಕು ಎಂದು ಮೊದಲು ತಿಳಿಯುವುದೇ ಇದರ ಅಡಿಗಲ್ಲು. ಟಾಮ್ ಹಚಿನ್ಸನ್ ಮತ್ತು ಅಲನ್ ವಾಟರ್ಸ್ 1987ರ ತಮ್ಮ ಪುಸ್ತಕದಲ್ಲಿ ಈ ಅಗತ್ಯವನ್ನು ಮೂರಾಗಿ ಬಿಡಿಸಿದರು: ಕೆಲಸವು ಬೇಡುವುದು, ಕಲಿಯುವವರಲ್ಲಿ ಕೊರತೆಯಾಗಿರುವುದು, ಕಲಿಯುವವರು ತಾವೇ ಬಯಸುವುದು. ನಾನು ನೋಡಿದ ಪುಟಗಳಲ್ಲಿ ಮೊದಲೆರಡನ್ನು ಕೆಲಸ ಕೊಡುವವರ ಕಡೆಯಿಂದ ತೀರ್ಮಾನಿಸಲಾಗಿದೆ. ಮೂರನೆಯದನ್ನು ಯಾರಾದರೂ ವಿಚಾರಿಸಿದ ಗುರುತಿಲ್ಲ.

ಇದಕ್ಕೆ ತದ್ವಿರುದ್ಧವಾದ ಇಂಗ್ಲಿಷೂ ದೇವನಹಳ್ಳಿಯಲ್ಲೇ ಇದೆ, ರನ್‌ವೇ ಮೇಲೆ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಮಂಜು, ಅವಸರ, ಒಂದರ ಮೇಲೊಂದು ಬಿದ್ದ ರೇಡಿಯೋ ಮಾತು ಇವುಗಳ ಜೊತೆಗೆ, ಟೇಕಾಫ್ ಕುರಿತು ಆಡಿದ ಎರಡರ್ಥದ ಮಾತೂ ಕಾರಣವಾಗಿತ್ತು. ಆಮೇಲೆ ಆ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕೆಂದಾಯಿತು, ಬೇರೆಡೆಯೆಲ್ಲ 'ಡಿಪಾರ್ಚರ್'. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಭಾಷಾ ಮಾನದಂಡ 2008ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ದೇವನಹಳ್ಳಿಯ ನಿಲ್ದಾಣ ತೆರೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಅಂತರರಾಷ್ಟ್ರೀಯ ಹಾರಾಟದ ಪೈಲಟ್ಟುಗಳೂ ನಿಯಂತ್ರಕರೂ ಆರು ಹಂತಗಳ ಆ ಅಳತೆಯಲ್ಲಿ ಕನಿಷ್ಠ ನಾಲ್ಕನೆಯದನ್ನು ಮುಟ್ಟಿರಬೇಕು. ಮಾತು ತಪ್ಪಾಗಿ ತಿಳಿದಂತೆ ಕಂಡರೆ ಪರಿಶೀಲಿಸಿ, ಖಚಿತಪಡಿಸಿಕೊಂಡು, ಸ್ಪಷ್ಟಪಡಿಸಿಕೊಳ್ಳಲು ಬರುವುದು ಆ ಹಂತದ ಲಕ್ಷಣಗಳಲ್ಲೇ ಒಂದು. ಮರುಪ್ರಶ್ನೆ ಕೇಳಲು ಬಾರದ ಪೈಲಟ್‌ಗೆ ಅರ್ಹತೆಯಿಲ್ಲ. ಅದೇ ನಿಲ್ದಾಣದ ಕಾಫಿ ಕೌಂಟರಿನಲ್ಲಿ ನಿಂತವಳು ಮರುಪ್ರಶ್ನೆ ಕೇಳಿದರೆ ಅದು ಎದುರುತ್ತರ.

ಗಾರ್ಮೆಂಟ್ಸಿನ ವಿಷಯ ಇನ್ನೂ ತೊಡಕಿನದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೀದಿಗಿಳಿದರು. ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಶ್ನಿಸುವುದನ್ನು ಅವರಿಗೆ ಯಾವ ತರಗತಿಯೂ ಕಲಿಸಬೇಕಿರಲಿಲ್ಲ. ಅವರಿಗೆ ಎದುರಾಗುವ ಇಂಗ್ಲಿಷ್ ಆಡುವುದಲ್ಲ, ಓದುವುದು: ಪೇ ಸ್ಲಿಪ್ಪಿನ ಕಡಿತ, ಪಿಎಫ್ ಸಂದೇಶ, ಇಎಸ್‌ಐ ಕಾಗದ. ಆದರೂ ತರಬೇತಿ ಎಂದರೆ ಸ್ಪೋಕನ್ ಇಂಗ್ಲಿಷ್ ಎಂದೇ ನಾವು ತಿಳಿದಿದ್ದೇವೆ. ನ್ಯೂಯಾರ್ಕಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಸಾರಾ ಬೆನೆಶ್ 2001ರ ಪುಸ್ತಕದಲ್ಲಿ, ಅಗತ್ಯಗಳ ವಿಶ್ಲೇಷಣೆ ಸಾಲದು, ಹಕ್ಕುಗಳ ವಿಶ್ಲೇಷಣೆಯೂ ಬೇಕು ಎಂದು ವಾದಿಸಿದರು. ಅವರ ಕಣ್ಣಮುಂದಿದ್ದದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ದೊಡ್ಡಬಳ್ಳಾಪುರದ ಟೈಲರಿಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಮೊದಲು ಕೆಲಸ ಸಿಗಲಿ, ಹಕ್ಕು ಆಮೇಲೆ ಎನ್ನುವವರಿದ್ದಾರೆ. ಅದನ್ನು ತಳ್ಳಿಹಾಕಲಾರೆ. ಬಾಯಿಪಾಠದ ನಾಲ್ಕು ವಾಕ್ಯ ಸಂದರ್ಶನದ ಬಾಗಿಲು ದಾಟಿಸುತ್ತದೆ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಅದು ಸಣ್ಣ ಧೈರ್ಯವಲ್ಲ. ಆದರೆ ಬಾಯಿಪಾಠವೊಂದೇ ದಾರಿ ಎನ್ನುವುದನ್ನು ಮಾತ್ರ ಒಪ್ಪಲಾಗದು, ಅದರಲ್ಲೂ ಈ ಸೀಮೆಯಲ್ಲಿ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ನಡೆಸಿದ, ಭಾಷಾ ಬೋಧನೆಯ ಜಗತ್ತು ಇಂದಿಗೂ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದು ಕರೆಯುವ ಪ್ರಯೋಗ ನಡೆದದ್ದು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ. ಅಲ್ಲಿ ಮಕ್ಕಳ ಮುಂದೆ ವ್ಯಾಕರಣದ ಬದಲು ರೈಲು ವೇಳಾಪಟ್ಟಿ, ನಕ್ಷೆಗಳನ್ನು ಇಟ್ಟು, ಲೆಕ್ಕ ಹಾಕಿ ತೀರ್ಮಾನಕ್ಕೆ ಬರುವ ಕೆಲಸ ಕೊಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ಭಾಷೆ ಹತ್ತುತ್ತದೆ ಎನ್ನುವುದು ಪ್ರಭು ಅವರ ನಂಬಿಕೆ.

ವೇಳಾಪಟ್ಟಿಯ ಜಾಗದಲ್ಲಿ ಹೆಸರು ಅಳಿಸಿದ ಒಂದು ಪೇ ಸ್ಲಿಪ್ ಇಟ್ಟರೆ ಸಾಕು. ಈಕೆ ತಿಂಗಳಲ್ಲಿ ಎಷ್ಟು ದಿನ ದುಡಿದಿದ್ದಾಳೆ? ಪಿಎಫ್‌ಗೆ ಎಷ್ಟು ಹೋಯಿತು? ಓಟಿ ಮಾಡಿದ್ದು ಎಲ್ಲಿ ಕಾಣುತ್ತದೆ? ಕಾಣದಿದ್ದರೆ ಯಾರಿಗೆ, ಯಾವ ಎರಡು ಸಾಲು ಬರೆಯಬೇಕು?