ಬೆಳ್ಳಕ್ಕಿಯೂ ಅದರ ಹಿಂದಿನ ಕೆರೆಯೂ

ಬೆಳ್ಳಕ್ಕಿಯ ಚಿತ್ರ ತೆಗೆಯುವುದು ಬಹು ಸುಲಭವೆಂದು ಹೊಸದಾಗಿ ಕ್ಯಾಮರಾ ಕೊಂಡವರೆಲ್ಲರೂ ತಿಳಿಯುತ್ತಾರೆ. ಹಕ್ಕಿ ಚಿಕ್ಕದಲ್ಲ; ಎಲೆಮರೆಯಲ್ಲಿ ಅಡಗುವುದಿಲ್ಲ; ಲಾಲ್‌ಬಾಗಿನ ಕೆರೆಯಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನ ಮಡಿವಾಳದ ಕೆರೆಯಲ್ಲಾಗಲಿ, ನೀರಿನಂಚಿಗೆ ಬಂದು ಬಹಳ ಹೊತ್ತು ಅಲುಗದೆ ನಿಲ್ಲುತ್ತದೆ. ಬಕಧ್ಯಾನವೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಚಿತ್ರವನ್ನು ಮನೆಗೆ ತಂದು ದೊಡ್ಡದು ಮಾಡಿ ನೋಡಿದಾಗ ಅಲ್ಲಿ ಹಕ್ಕಿಯೇ ಇರುವುದಿಲ್ಲ. ಹಕ್ಕಿಯ ಆಕಾರಕ್ಕೆ ಕತ್ತರಿಸಿ ಅಂಟಿಸಿದ ಬಿಳಿಯ ಕಾಗದವೊಂದು ಇರುತ್ತದೆ. ಗರಿಯ ಎಳೆಯಿಲ್ಲ, ಕತ್ತಿನ ದುಂಡಿಲ್ಲ, ರೆಕ್ಕೆಯ ಮಡಿಕೆಯಿಲ್ಲ.

ಇದಕ್ಕೆ ಕಾರಣ ಸರಳವಾದುದು. ಕ್ಯಾಮರಾದ ಬೆಳಕುಮಾಪಕಕ್ಕೆ ಲೋಕವೆಲ್ಲವೂ ನಡುಬೂದು. ತನ್ನ ಮುಂದಿರುವುದು ಬೀಳುವ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳುಹಿಸುವ ವಸ್ತುವೆಂದು ಅದು ಹೆಚ್ಚುಕಡಿಮೆ ನಂಬಿಕೊಂಡಿರುತ್ತದೆ. ಕಪ್ಪು ನೀರಿನ ನಡುವೆ ಪುಟ್ಟದೊಂದು ಬೆಳ್ಳಕ್ಕಿ ನಿಂತಿದ್ದರೆ, ನೀರನ್ನು ಬೂದುಮಾಡುವ ಆತುರದಲ್ಲಿ ಬೇಕಾದುದಕ್ಕಿಂತ ಹೆಚ್ಚು ಬೆಳಕನ್ನು ಒಳಕ್ಕೆ ಬಿಟ್ಟು ಹಕ್ಕಿಯನ್ನು ಸುಟ್ಟುಬಿಡುತ್ತದೆ. ಅದೇ ಹಕ್ಕಿ ಚೌಕಟ್ಟನ್ನು ತುಂಬಿ ನಿಂತರೆ, ಬಿಳಿಯನ್ನೇ ಬೂದುಮಾಡಿ ಮಾಸಿದ ಪಂಚೆಯಂತೆ ತೋರಿಸುತ್ತದೆ. ಇಂದಿನ ಕ್ಯಾಮರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಬಲ್ಲಷ್ಟು ಚುರುಕಾಗಿವೆ, ನಿಜ. ಆದರೂ ಬಿಳಿ ಎಷ್ಟು ಬಿಳಿಯಾಗಿರಬೇಕೆಂಬ ನಿರ್ಣಯವನ್ನು ಮನುಷ್ಯನೇ ಮಾಡಬೇಕು. ಬಿಳಿಯ ಹಕ್ಕಿ ಛಾಯಾಗ್ರಾಹಕನ ವಿವೇಕಕ್ಕೆ ಒಡ್ಡಿದ ಪರೀಕ್ಷೆಯಾಗುವುದು ಇದರಿಂದಲೇ.

ಈ ಪರೀಕ್ಷೆಯಲ್ಲಿ ನಮ್ಮ ಹಿರಿಯರು ಹೇಗೆ ತೇರ್ಗಡೆಯಾದರೆಂಬುದನ್ನು ನೆನೆಯುವುದು ಉಚಿತ. ಬೆಂಗಳೂರಿನಲ್ಲಿ 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳ್, ಅವರ ಸಮಕಾಲೀನರಾದ ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಇವರೆಲ್ಲ ಕಪ್ಪು-ಬಿಳುಪಿನ ಶಾಲೆಯಲ್ಲಿ ಪಳಗಿದವರು. ಘೋರ್ಪಡೆಯವರು 1983ರಲ್ಲಿ ಹೊರತಂದ ಗ್ರಂಥಕ್ಕೆ ‘ಸನ್‌ಲೈಟ್ ಅಂಡ್ ಷಾಡೋಸ್’ ಎಂದೇ ಹೆಸರು. ಬಿಸಿಲು ಮತ್ತು ನೆರಳು: ಕಪ್ಪು-ಬಿಳುಪಿನ ಛಾಯಾಗ್ರಾಹಕನ ಬಂಡವಾಳ ಈ ಎರಡೇ. ಅಚ್ಚುಕಾಗದದ ಮೇಲೆ ಶುದ್ಧ ಬಿಳಿಯೆಂದರೆ ಏನೂ ಇಲ್ಲದ ಕಾಗದ. ಗರಿಯನ್ನು ಕಾಣಿಸುವುದು ಬಿಳಿಯಲ್ಲ, ಬಿಳಿಯ ಮಗ್ಗುಲಲ್ಲಿ ಸುಳಿಯುವ ತೆಳುಬೂದು. ಕತ್ತಲೆಕೋಣೆಯಲ್ಲಿ ಎನ್‌ಲಾರ್ಜರಿನ ಕೆಳಗೆ ಕೈಯಡ್ಡ ಹಿಡಿದು, ಹಕ್ಕಿಯ ಬೆನ್ನಿಗೆ ಮಾತ್ರ ನಾಲ್ಕಾರು ಸೆಕೆಂಡು ಹೆಚ್ಚು ಬೆಳಕು ಬೀಳಿಸಿ, ಆ ಬೂದನ್ನು ಹೊರತೆಗೆಯುವುದು ಆ ಕಾಲದ ಕುಶಲತೆ.

ಡಿಜಿಟಲ್ ಯುಗದಲ್ಲಿ ಈ ಲೆಕ್ಕ ಬದಲಾಯಿತು. ನೆಗೆಟಿವಿನಲ್ಲಿ ಬೆಳಕು ಮಿತಿಮೀರಿದರೂ ಬಿಳಿಯ ವಿವರ ಒಂದಿಷ್ಟು ಉಳಿದಿರುತ್ತಿತ್ತು. ಇಂದಿನ ಸೆನ್ಸರಿನಲ್ಲಿ ತುಂಬಿ ಹರಿದ ಬಿಳಿ ಮತ್ತೆ ಬಾರದು. ಆದುದರಿಂದ ಬಲ್ಲವರು ಮೊದಲು ಹಕ್ಕಿಯ ಬಿಳಿಗೆ ತಕ್ಕಂತೆ ಬೆಳಕನ್ನು ಅಳೆಯುತ್ತಾರೆ. ಉಳಿದುದು ಕತ್ತಲಾದರೂ ಚಿಂತೆಯಿಲ್ಲವೆನ್ನುತ್ತಾರೆ. ಬೆಳಗಿನ ಓರೆಬಿಸಿಲು ಹಕ್ಕಿಯ ಮೇಲೆ ಬಿದ್ದು, ಹಿಂದಿನ ಮರಗಳು ಇನ್ನೂ ನೆರಳಿನಲ್ಲಿದ್ದರೆ, ಹಿನ್ನೆಲೆ ತಾನಾಗಿಯೇ ಕಪ್ಪಾಗಿ ಬೆಳ್ಳಕ್ಕಿ ದೀಪದಂತೆ ಹೊಳೆಯುತ್ತದೆ. ಅಂಥ ಚಿತ್ರ ಸುಂದರವೂ ಹೌದು, ಸತ್ಯವೂ ಹೌದು. ಅದರ ವಿಷಯದಲ್ಲಿ ನಮ್ಮ ತಕರಾರಿಲ್ಲ.

ತಕರಾರಿರುವುದು ಆ ಚಿತ್ರದ ಸಂತಾನದ ಬಗ್ಗೆ. ನಿಸರ್ಗ ಒಮ್ಮೊಮ್ಮೆ ಕೊಡುತ್ತಿದ್ದ ಕಪ್ಪು ಈಗ ಗಣಕಯಂತ್ರದ ಕುಂಚದಿಂದ ದಿನವೂ ದೊರೆಯುತ್ತದೆ. ನಡುಹಗಲಿನಲ್ಲಿ ತೆಗೆದ ಬೆಳ್ಳಕ್ಕಿಯ ಹಿಂದೆಯೂ ಅಮಾವಾಸ್ಯೆ. ಪ್ರದರ್ಶನಗಳ ಗೋಡೆಯ ಮೇಲೆ ಇಂಥವು ಹತ್ತು ನೇತಾಡುತ್ತಿದ್ದರೆ, ಯಾವುದು ಮಡಿವಾಳದ್ದು, ಯಾವುದು ರಂಗನತಿಟ್ಟಿನದು, ಯಾವುದು ಹೊರದೇಶದ್ದು ಎಂದು ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಗರಿ ಉಳಿಯಿತು, ಕೆರೆ ಹೋಯಿತು. ಕೆರೆಯೊಡನೆ ಜೊಂಡು, ಕಳೆ, ತೇಲುವ ಪ್ಲಾಸ್ಟಿಕ್ಕು, ದಂಡೆಯಾಚೆಯ ಬಹುಮಹಡಿಗಳು ಎಲ್ಲವೂ ಹೋದವು.

ಬಿಳಿಯ ಮೇಲಿನ ಈ ಮೋಹ ಹಕ್ಕಿಗೂ ನ್ಯಾಯ ಮಾಡುವುದಿಲ್ಲ. ನಮ್ಮ ಕೆರೆಗಳಿಗೆ ಬರುವ ಹೆಜ್ಜಾರ್ಲೆ ಬಿಳಿಯ ಹಕ್ಕಿಯಲ್ಲ, ಬೂದುಬಿಳಿಯದು. ಅದನ್ನು ಹಾಲಿನಂತೆ ಬೆಳಗಿಸುವ ಚಿತ್ರ ಸುಳ್ಳು ಹೇಳುತ್ತದೆ. ದನಗಳ ಹಿಂದೆ ನಡೆಯುವ ಗೋವಕ್ಕಿಗೆ ಮರಿಮಾಡುವ ಕಾಲದಲ್ಲಿ ತಲೆ ಕತ್ತುಗಳ ಮೇಲೆ ಕಿತ್ತಳೆಯ ಛಾಯೆ ಬರುತ್ತದೆ. ಕೊಳದ ಬಕದ ಕಥೆಯಂತೂ ಇನ್ನೂ ಸ್ವಾರಸ್ಯ. ಕೂತಾಗ ಅದು ದಂಡೆಯ ಮಣ್ಣೇ. ಕಾಲಿನ ಬಳಿಯಿದ್ದರೂ ಕಾಣದು. ಹಾರಿದ ಕ್ಷಣದಲ್ಲಿ ಎರಡು ರೆಕ್ಕೆಗಳೂ ಬೆಳ್ಳಗೆ ಬಿಚ್ಚಿಕೊಳ್ಳುತ್ತವೆ. ಮಣ್ಣಿಗೆಂದು ಅಳೆದಿಟ್ಟ ಬೆಳಕು ಆ ರೆಕ್ಕೆಯನ್ನು ಸುಟ್ಟುಹಾಕುತ್ತದೆ. ಅದು ಹಾರಬಹುದೆಂದು ಮೊದಲೇ ಎಣಿಸಿದವನಿಗೆ ಮಾತ್ರ ರೆಕ್ಕೆ ದಕ್ಕುತ್ತದೆ. ಇಲ್ಲಿ ಬಿಳಿಗೆ ಅರ್ಥ ಬರುವುದೇ ಹಿಂದಿನ ಮಣ್ಣಿನಿಂದ. ಮಣ್ಣನ್ನು ಅಳಿಸಿದ ಮೇಲೆ ಆ ಬಿಳಿಯ ಬೆರಗು ಎಲ್ಲಿಯದು?

ಹಿರಿಯರು ಕತ್ತಲೆಕೋಣೆಯಲ್ಲಿ ಕೈಚಳಕ ಮಾಡಲಿಲ್ಲವೇ ಎಂದು ಕೆಲವರು ಕೇಳಬಹುದು. ಮಾಡಿದರು, ಹಿನ್ನೆಲೆಯನ್ನು ಕಪ್ಪಾಗಿಸುವುದೂ ಅವರ ಕೈಗೆ ನಿಲುಕದ ವಿದ್ಯೆಯಾಗಿರಲಿಲ್ಲ. ಆದರೆ ಹಕ್ಕಿಯ ಬೆನ್ನಿಗೆ ಕೊಟ್ಟ ಆ ಹೆಚ್ಚಿನ ಬೆಳಕು ನೆಗೆಟಿವಿನಲ್ಲಿ ಇದ್ದ ಗರಿಯನ್ನು ಕಾಗದಕ್ಕೆ ತರಲಿಕ್ಕೆ. ಇಂದಿನ ಕುಂಚ ಇದ್ದುದನ್ನು ಇಲ್ಲವಾಗಿಸಲಿಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದು ಬರಿಯ ಅಭಿರುಚಿಯ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಮಹಿಳೆಯರ ಟೋಪಿಗಾಗಿ ಬೆಳ್ಳಕ್ಕಿಗಳನ್ನು ಗೂಡಿನ ಮೇಲೆಯೇ ಕೊಲ್ಲುತ್ತಿದ್ದರು. ಅತಿ ಚೆಂದದ ಗರಿ ಮೂಡುವುದು ಮರಿಮಾಡುವ ಕಾಲದಲ್ಲಿಯೇ. 1902ರಲ್ಲಿ ಭಾರತದಿಂದ ಗರಿಗಳ ರಫ್ತನ್ನು ಸರ್ಕಾರ ನಿಷೇಧಿಸಿತು. ಟೋಪಿಯ ಮೇಲಿನ ಆ ಗರಿಗೂ ಹಿನ್ನೆಲೆ ಇರಲಿಲ್ಲ. ಗೂಡು ಎಲ್ಲಿತ್ತು, ಮರಿ ಏನಾಯಿತು ಎಂದು ಅದನ್ನು ಮುಡಿದವರು ಕೇಳಲಿಲ್ಲ. ಇಂದು ಯಾರೂ ಚಿತ್ರಕ್ಕಾಗಿ ಹಕ್ಕಿಯನ್ನು ಕೊಲ್ಲುತ್ತಿಲ್ಲ, ಸಂತೋಷ. ಆದರೆ ಹಕ್ಕಿಯನ್ನು ಅದರ ನೀರಿನಿಂದ ಬಿಡಿಸಿ ಒಡವೆಯಂತೆ ನೋಡುವ ಕಣ್ಣು ಮಾತ್ರ ಹಳೆಯದೇ.

ಬೇರೆ ಬಗೆಯ ಕಣ್ಣೂ ನಮ್ಮಲ್ಲಿಯೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಅಲ್ಲಿಯ ಚಿತ್ರದಲ್ಲಿ ಹಕ್ಕಿಯಷ್ಟೇ ಮುಖ್ಯವಾದುದು ಕೆಳಗಿನ ಹೆಂಚಿನ ಮಾಡು. ಅದನ್ನು ಕತ್ತರಿಸಿದರೆ ಮನುಷ್ಯರೂ ಹಕ್ಕಿಗಳೂ ಒಟ್ಟಿಗೆ ಬಾಳಿದ ಕಥೆಯೇ ಹೋಗುತ್ತದೆ. ಇತ್ತ ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು 2010ರಲ್ಲಿ ಅಲ್ಲಿನ ನಿವಾಸಿಗಳೇ ಸೇರಿ ಟ್ರಸ್ಟೊಂದನ್ನು ಕಟ್ಟಿದರು. ಇಂಥ ಕೆರೆಗಳಿಗೆ ಚಿತ್ರಗಳು ಸಾಕ್ಷಿಯಾಗಬಲ್ಲವು: ಯಾವ ವರ್ಷ ನೀರು ಎಲ್ಲಿಯವರೆಗೆ ಇತ್ತು, ಜೊಂಡು ಎಷ್ಟಿತ್ತು, ಹಕ್ಕಿ ಎಲ್ಲಿ ನಿಂತಿತು. ಕಪ್ಪು ಬಳಿದ ಚಿತ್ರ ಯಾವ ಕೆರೆಯ ಪರವಾಗಿಯೂ ಸಾಕ್ಷಿ ನುಡಿಯಲಾರದು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಅಡಗಿವೆಯೆಂಬುದನ್ನು ಅಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕಾಗಿ ಬಂದಿದೆ. ಹೆಸರಿನೊಳಗಿನ ಕೆರೆ ಮರೆತುಹೋಗುವ ಊರಿನಲ್ಲಿ ಚಿತ್ರದೊಳಗಿನ ಕೆರೆಯನ್ನೂ ನಾವೇ ಅಳಿಸಬೇಕೆ?

ನಮ್ಮ ಛಾಯಾಗ್ರಾಹಕರಲ್ಲಿ ಕುಶಲತೆಗೆ ಕೊರತೆಯಿಲ್ಲ. ಬಿಳಿಯನ್ನು ಕಾಪಾಡುವ ವಿದ್ಯೆ ಅವರಿಗೆ ಚೆನ್ನಾಗಿ ಬಂದಿದೆ. ಇನ್ನು ಮುಂದೆ ಹಕ್ಕಿಯ ಗರಿಗೆ ಕೊಟ್ಟ ಎಚ್ಚರದಲ್ಲಿ ಕಾಲುಭಾಗವನ್ನಾದರೂ ಅದರ ಕಾಲ ಕೆಳಗಿನ ನೀರಿಗೆ ಕೊಡಲಿ. ಆ ನೀರು ಕೊಳಕಾಗಿದ್ದರೆ ಕೊಳಕಾಗಿಯೇ ಕಾಣಲಿ. ಬೆಳ್ಳಕ್ಕಿ ನಿಂತಿರುವುದು ಅದರಲ್ಲಿಯೇ.