ಒಲ್ಲೆ ಎನ್ನುವ ಸ್ವಾತಂತ್ರ್ಯ

ಪ್ರೇಮದ ಬರಹ ಯಾವುದನ್ನು ಓದಿದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ 'ಒಲ್ಲೆ' ಎನ್ನಲು ಅವಕಾಶವಿದೆಯೇ? ಗೋವೆಯ ಕಾಣಕೋಣದಲ್ಲಿ ನೆಲೆಸಿದ ನನ್ನಂಥ ಕನ್ನಡಿಗರಿಗೆ ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ಪೋಳೆಂ ಗಡಿ ದಾಟಿದರೆ ಮಾಜಾಳಿ, ಕಾರವಾರ. ಇತ್ತ ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಕೊಂಕಣಿ. ನಮ್ಮ ಮಕ್ಕಳ ಮನಸ್ಸು ನೆರೆಮನೆಯತ್ತ ಒಲಿದರೆ ಅಂಜಿಕೆ ಇಮ್ಮಡಿಯಾಗುತ್ತದೆ. ಒಲಿದವರೂ ದೂರವಾದಾರು, ನೆರೆಯೂ ದೂರವಾದೀತು. ಕೊಂಕಣಿಯ ಜಾಗದಲ್ಲಿ ಮಲಯಾಳವನ್ನಿಟ್ಟರೆ ಇದು ಈ ಸಂಚಿಕೆಯ ಓದುಗರ ಮನೆಯ ಮಾತೇ ಆದೀತು.

ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪ್ರಕಟವಾದದ್ದು 1942ರಲ್ಲಿ. ವೈಕಂ ಮುಹಮ್ಮದ್ ಬಷೀರರ 'ಪ್ರೇಮಲೇಖನಂ' 1943ರಲ್ಲಿ. ಮಲ್ಲಿಗೆಯ ವಿರಹ, ಮುನಿಸು, ತವರಿನ ಸೆಳೆತಕ್ಕೆಲ್ಲ ದಾಂಪತ್ಯದ ಸೂರಿದೆ. ಅಲ್ಲಿ ಮುನಿಸುಂಟು, ತಿರಸ್ಕಾರದ ಭಯ ಅಷ್ಟಾಗಿ ಇಲ್ಲ. ಇದು ಆ ಕವಿತೆಗಳ ಕೊರತೆಯಲ್ಲ, ಅವುಗಳ ನೆಮ್ಮದಿಯ ಗುಟ್ಟು.

ಬಷೀರರ ಕೇಶವನ್ ನಾಯರ್‌ಗೆ ಆ ಸೂರಿಲ್ಲ. ಆತ ಬ್ಯಾಂಕಿನ ನೌಕರ, ಸಾರಮ್ಮಳ ತಂದೆಯ ಮನೆಯಲ್ಲಿ ಬಾಡಿಗೆಗಿರುವವ. ಅವಳು ಕ್ರೈಸ್ತ ಮನೆತನದವಳು. ಪ್ರೇಮಪತ್ರ ಬರೆದವನಲ್ಲಿ ಅವಳು ಉದ್ಯೋಗ ಕೇಳುತ್ತಾಳೆ. ತನ್ನನ್ನು ಪ್ರೀತಿಸುವುದೇ ಉದ್ಯೋಗ, ತಿಂಗಳ ಸಂಬಳವೂ ಉಂಟು ಎನ್ನುತ್ತಾನೆ ಆತ. ಇದನ್ನು ಬರಿಯ ವಿನೋದವೆಂದು ನಕ್ಕು ಮುಂದೆ ಸಾಗಬಹುದು. ನನಗಾದರೋ ಆ ವಿನೋದ ಒಂದು ಗುರಾಣಿಯಾಗಿ ಕಾಣುತ್ತದೆ. ಅವಳು ಒಲ್ಲೆನೆಂದರೆ 'ತಮಾಷೆಗೆ ಹೇಳಿದೆ' ಎಂದು ಆತ ಪಾರಾಗಬಲ್ಲ. ಕೆಲಸವಿಲ್ಲದೆ, ಮಲತಾಯಿಯ ಕಾಟದಲ್ಲಿ ಬೇಯುವ ಅವಳಿಗೆ ಅಂಥ ಗುರಾಣಿ ಎಲ್ಲಿದೆ?

ಬಷೀರರ ದೊಡ್ಡತನವಿರುವುದು ಇಲ್ಲಿಯೇ. ಅವರು ಸಾರಮ್ಮಳಿಗೆ ಹರಿತವಾದ ನಾಲಿಗೆಯನ್ನು ಕೊಟ್ಟರು. ಸಂಬಳ ಕೊಡುವವನೇ ಅಂಗಲಾಚುತ್ತಾನೆ, ಪಡೆಯುವವಳು ತಲೆಯೆತ್ತಿ ಮಾತಾಡುತ್ತಾಳೆ. ಹುಟ್ಟಲಿರುವ ಮಗುವಿಗೆ ಯಾವ ಮತಕ್ಕೂ ಸೇರದ 'ಆಕಾಶಮಿಠಾಯಿ' ಎಂಬ ಹೆಸರನ್ನು ಇಬ್ಬರೂ ಕೂಡಿ ಕಂಡುಕೊಳ್ಳುವಾಗ ಅವರು ನಿಜವಾಗಿ ಹತ್ತಿರವಾಗಿರುತ್ತಾರೆ.

ಆದರೂ ನನಗೊಂದು ತಕರಾರಿದೆ. ಆ ಜೋಡಿ ಊರು ಬಿಟ್ಟು ಹೊರಡುತ್ತದೆ. ಅದೇ ಓಣಿಯಲ್ಲಿ, ಅದೇ ಬಾವಿಕಟ್ಟೆಯಲ್ಲಿ ಮತ್ತೆ ಮುಖ ನೋಡಬೇಕಾದ ನಮ್ಮ ಮಕ್ಕಳಿಗೆ ರೈಲು ಉತ್ತರವಾಗದು. ಹತ್ತಿರ ಹೋಗುವ ಧೈರ್ಯವನ್ನು ನಮ್ಮ ಕಥೆಗಳು ಬೇಕಾದಷ್ಟು ಕಲಿಸಿವೆ. 'ಒಲ್ಲೆ' ಎಂದವಳ ಮನೆಗೂ ಮರುದಿನ ಮೊದಲಿನಂತೆಯೇ ಹಬ್ಬದ ಕಜ್ಜಾಯ ಕಳುಹಿಸುವ ಕಥೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇನ್ನಷ್ಟು ಬರಬೇಕು. ನಿರಾಕರಿಸಿದವರಿಗೆ ಕೇಡಾಗದು ಎಂಬ ಭರವಸೆಯಿದ್ದಲ್ಲಿ ಮಾತ್ರ 'ಒಪ್ಪಿದೆ' ಎಂಬ ಮಾತಿಗೆ ಬೆಲೆ.